ಹೆಸರು ಖಾಲಿ ಬಿಡಿ, ಊರು ಬರೆಯಿರಿ

ಮಳೆಗಾಲ ಹಿಡಿಯಿತೆಂದರೆ ಡೊಂಬಿವಲಿಯ ನಮ್ಮ ಗೆಳೆಯರ ಬಳಗಕ್ಕೆ ಭಾನುವಾರ ಮನೆಯಲ್ಲಿ ಕೂರಲಾಗುವುದಿಲ್ಲ. ಒಬ್ಬರು ಥಾಣೆಯ ಯೇವೂರ್ ಕಾಡಿಗೆ, ಇನ್ನೊಬ್ಬರು ನವಿಮುಂಬಯಿಯ ಖಾರ್‌ಘರ್ ಗುಡ್ಡಕ್ಕೆ. ಮೊಬೈಲಿಗೆ ಸಿಕ್ಕಿಸಿದ ಮ್ಯಾಕ್ರೊ ಲೆನ್ಸು, ಹುಡುಕಾಟ ಮಾತ್ರ ಜಿಗಿಯುವ ಜೇಡಗಳದ್ದು. ಬಲೆ ಹೆಣೆದು ಕಾಯುವ ಜಾತಿಯಲ್ಲ ಇವು. ನೋಡಿ, ಅಳೆದು, ಹಾರಿ ಹಿಡಿಯುತ್ತವೆ. ಊಟದ ಹೊತ್ತಿಗೆ ವಾಟ್ಸಾಪ್‌ನಲ್ಲಿ ಫೋಟೊ, ಅದರಡಿ ಲ್ಯಾಟಿನ್ ಹೆಸರು. ಈ ಹುಚ್ಚು ನನಗೂ ಇದೆ. ನನ್ನ ತಕರಾರಿರುವುದು ಆ ಹೆಸರಿನ ಆತುರದ ಮೇಲೆ.

ಕೆಲವಕ್ಕೆ ಆತುರ ಸಲ್ಲುತ್ತದೆ ಅನ್ನಿ. ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆ ಇಲ್ಲಿನ ಮಾವಿನ ಮರಗಳಲ್ಲೂ ಗೂಡು ಕಟ್ಟುತ್ತದೆ. ಅದೇ ಕೆಂಪು, ಅದೇ ಸಣ್ಣ ಸೊಂಟದ ಒಂದು ಪ್ರಾಣಿ ಪಕ್ಕದ ಎಲೆಯ ಮೇಲೆ ಓಡಾಡುತ್ತಿರುತ್ತದೆ. ಮುಂಗಾಲೆರಡನ್ನು ಎತ್ತಿ ಇರುವೆಯ ಮೀಸೆಯ ಹಾಗೆ ಆಡಿಸುತ್ತದೆ. ಕಾಲು ಎಣಿಸಿದರೆ ಎಂಟು! ಗಂಡಿನ ದವಡೆಯಂತೂ ಎಷ್ಟು ಉದ್ದವೆಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೊರಟಂತೆ ಕಾಣುತ್ತದೆ. ಬೆರಳು ಹತ್ತಿರ ತಂದರೆ ನೂಲು ಬಿಟ್ಟು ಕೆಳಗಿಳಿಯುತ್ತದೆ; ಬಲಿತ ಚಗಳಿಗೆ ಆ ವಿದ್ಯೆ ಇಲ್ಲ. ಮಿರ್ಮಾಪ್ಲಾಟಾ ಎಂಬ ಈ ಜೇಡವನ್ನು ಫೋಟೊದಲ್ಲೇ ಗುರುತಿಸಬಹುದು.

ಉಳಿದವು ಹಾಗಲ್ಲ. ಮನೆಗೋಡೆಯ ಪ್ಲೆಕ್ಸಿಪಸ್‌ನಲ್ಲಿ ಗಂಡು ಕಪ್ಪು-ಬಿಳಿ ಪಟ್ಟೆಯದು, ಹೆಣ್ಣು ಮಾಸಲು ಕಂದು. ತಿಳಿಯದವರು ಎರಡಕ್ಕೂ ಬೇರೆ ಬೇರೆ ಹೆಸರಿಡುತ್ತಾರೆ. ಮರಿಗಳದ್ದು ಇನ್ನೂ ಗೋಜಲು. ಎಷ್ಟೋ ಜಾತಿಗಳನ್ನು ಖಚಿತಪಡಿಸಲು ಬಲಿತ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕು. ಆದರೆ ಫೋಟೊ ನೋಡಿ ಗುರುತಿಸುವ ಆ್ಯಪ್ ಒಂದು ಹೆಸರು ಸೂಚಿಸುತ್ತದೆ, ಇಬ್ಬರು 'ಹೌದು' ಅನ್ನುತ್ತಾರೆ, ಅಲ್ಲಿಗೆ ಅದು ವೇದವಾಕ್ಯ.

ಥಾಣೆ-ಕಲ್ಯಾಣ ಪ್ರದೇಶದ್ದೇ ಉದಾಹರಣೆ ಇದೆ. 2021ರಲ್ಲಿ ಸಂಶೋಧಕರು ಇಲ್ಲಿಯ ಹೊಸ ಜಿಗಿಯುವ ಜೇಡವೊಂದಕ್ಕೆ ಐಸಿಯಸ್ ತುಕಾರಾಮಿ ಎಂದು ಹೆಸರಿಟ್ಟರು. 2008ರ ನವೆಂಬರ್ 26ರ ಮುಂಬಯಿ ದಾಳಿಯಲ್ಲಿ ಗುಂಡುಗಳಿಗೆ ಎದೆಯೊಡ್ಡಿ ಉಗ್ರ ಕಸಬ್‌ನನ್ನು ಹಿಡಿದುಕೊಟ್ಟ ಎಎಸ್‌ಐ ತುಕಾರಾಮ್ ಓಂಬಳೆಯವರ ಗೌರವಕ್ಕೆ. ಲೋಕಲ್ ರೈಲು ಉಸಿರುಗಟ್ಟುವ ಈ ಊರುಗಳಲ್ಲಿ ವಿಜ್ಞಾನ ಅರಿಯದ ಜೇಡ ಅಷ್ಟು ವರ್ಷ ಬದುಕಿತ್ತು. ಅಂದು ಅದರ ಫೋಟೊ ತೆಗೆದವರೊಬ್ಬರು ಆ್ಯಪ್ ಸೂಚಿಸಿದ ಹಳೆಯ ಹೆಸರನ್ನೇ ಅಂಟಿಸಿ ಕೈತೊಳೆದುಕೊಂಡಿದ್ದರೆ? 'ಗೊತ್ತಿಲ್ಲ' ಎಂದು ಬರೆದ ಫೋಟೊವನ್ನು ತಜ್ಞರು ಮತ್ತೊಮ್ಮೆ ನೋಡುತ್ತಾರೆ. ತಪ್ಪು ಹೆಸರು ಹೊತ್ತದ್ದು ರಾಶಿಯಲ್ಲಿ ಹೂತುಹೋಗುತ್ತದೆ.

ಹೆಸರನ್ನು ನಾಳೆಯೂ ತಿದ್ದಬಹುದು, ಸಿಕ್ಕಿದ ಊರು ಬರೆಯದೆ ಬಿಟ್ಟರೆ ಆಮೇಲೆ ತುಂಬಲಾಗದು. 1970ರಲ್ಲಿ ಹುಟ್ಟಿದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಭತ್ತದ ಗದ್ದೆ, ಉಪ್ಪಿನ ಗದ್ದೆಗಳ ಮೇಲೆ ನವಿಮುಂಬಯಿ ಕಟ್ಟಿತು. ಆ ಬದುಗಳಲ್ಲಿ ಯಾವ ಜೇಡ ಹಾರಾಡುತ್ತಿತ್ತೆಂದು ಈಗ ಯಾರನ್ನು ಕೇಳೋಣ? ಕಲ್ಯಾಣದ ಸುತ್ತಲೂ ಈಗ ಅದೇ ನಡೆಯುತ್ತಿದೆ.

ಗೆಳೆಯರೇ, ಮುಂದಿನ ಭಾನುವಾರ ಜೇಡದ ಮುಖ, ಬೆನ್ನು, ಪಕ್ಕ ಮೂರನ್ನೂ ತೆಗೆಯಿರಿ. ತಾರೀಕು, ಬಡಾವಣೆ, ಕೂತಿದ್ದ ಗಿಡ ಯಾವುದೆಂದು ಬರೆಯಿರಿ. ಹೆಸರಿನ ಜಾಗ ಖಾಲಿ ಇದ್ದರೆ ಇರಲಿ.