ಕೂಸಿಗಿಂತ ಮುಂಚೆ ಕುಲಾವಿ: ಬೇಕೆ, ಬೇಡವೆ?

ಸೀಮಂತವೋ ಕುಬಸವೋ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಒಂದು ಮಾತು ಏಳುತ್ತದೆ. ಮಗುವಿಗೆ ಬೇಕಾದ್ದನ್ನು ಈಗಲೇ ತಂದಿಡುವುದೋ, ಹೆರಿಗೆಯಾಗುವವರೆಗೆ ಕಾಯುವುದೋ? ಹಿರಿಯರು ಬೇಡವೆನ್ನುತ್ತಾರೆ. ಬಸುರಿಯ ಮೊಬೈಲಿಗೆ ದಿನಕ್ಕೊಂದು ಉದ್ದನೆಯ ಪಟ್ಟಿ ಬರುತ್ತಿರುತ್ತದೆ. ಈ ಪ್ರಶ್ನೆಗೆ ಇಬ್ಬರು ಉತ್ತರಿಸಿದ್ದಾರೆ: ಹೆರಿಗೆ ವಾರ್ಡಿನಲ್ಲಿ ದುಡಿದ ಬೆಂಗಳೂರಿನ ನರ್ಸ್ ಒಬ್ಬರು ಮತ್ತು ಮೊಮ್ಮಕ್ಕಳ ಬಾಣಂತನ ಮಾಡಿದ ಧಾರವಾಡ ಕಡೆಯ ಅಜ್ಜಿಯೊಬ್ಬರು.

ಪರ: ಚೀಲ ಮೊದಲೇ ಸಿದ್ಧವಿರಲಿ

ವೈದ್ಯರು ಬರೆದುಕೊಟ್ಟ ತಾರೀಖಿಗೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು ಮಾತ್ರ. ಉಳಿದವರೆಲ್ಲ ಹಿಂದೆ ಮುಂದೆ. 2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ ನೂರರಲ್ಲಿ ಹದಿಮೂರು ಮನೆಗಳಲ್ಲಿ 'ಇನ್ನೂ ಟೈಮಿದೆ, ಆಮೇಲೆ ತಂದರಾಯಿತು' ಎಂದುಕೊಂಡಿದ್ದಾಗಲೇ ನೋವು ಶುರುವಾಗಿತ್ತು.

ಹೆರಿಗೆ ಕೋಣೆಯಲ್ಲಿ ನಾವು ಮೊದಲು ಕೇಳುವುದು ಬಹಳ ಸಣ್ಣ ವಸ್ತು: ಒಣಗಿದ, ಸ್ವಚ್ಛವಾದ ಎರಡು ಹತ್ತಿ ಬಟ್ಟೆ. ಒಂದು ಒರೆಸಲು, ಇನ್ನೊಂದು ಹೊದಿಸಲು. ಜೊತೆಗೆ ಒಂದು ಟೋಪಿ, ಕಾಲುಚೀಲ. ಇಷ್ಟಕ್ಕೆ ಯಾಕೆ ಇಷ್ಟೊಂದು ಒತ್ತಾಯ ಮಾಡುತ್ತೇವೆ ಎಂದು ಕೇಳಬಹುದು. ಹೊಟ್ಟೆಯೊಳಗೆ ಬೆಚ್ಚಗಿದ್ದ ಮಗು ಒದ್ದೆ ಮೈಯಲ್ಲಿ ಹೊರಗೆ ಬರುತ್ತದೆ. ಆ ಒದ್ದೆ ಆರುತ್ತಾ ಮೈಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ಮೈಯ ಒಟ್ಟು ಗಾತ್ರಕ್ಕೆ ಹೋಲಿಸಿದರೆ ನವಜಾತ ಶಿಶುವಿನ ತಲೆ ದೊಡ್ಡದು, ಅಲ್ಲಿಂದಲೂ ಕಾವು ಸೋರುತ್ತದೆ. ಉಷ್ಣಾಂಶ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮಗು ಮಂಕಾಗುತ್ತದೆ, ಹಾಲು ಚೀಪುವುದಿಲ್ಲ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ತೂಕ ಕಡಿಮೆಯಿರುವ ಮಗುವಿಗಂತೂ ಇದು ಜೀವದ ಪ್ರಶ್ನೆ. ಆ ಹೊತ್ತಿನಲ್ಲಿ ಬಾಗಿಲಾಚೆ ನಿಂತ ಹುಡುಗ 'ಈಗ ತರ್ತೀನಿ ಸಿಸ್ಟರ್' ಎಂದು ರಾತ್ರಿ ಎರಡು ಗಂಟೆಗೆ ಓಡುವುದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಎಲ್ಲಿ ತಂದಾನು? ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಗಂಜಿ ಹಾಕಿದ ಬಟ್ಟೆ. ಅದು ತಂಪು, ಒರಟು, ನೀರು ಹೀರುವುದಿಲ್ಲ. ಹೊಸ ಬಟ್ಟೆಯನ್ನು ಒಗೆದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ಮಗುವಿಗೆ ಹಾಕಬೇಕು. ಹುಟ್ಟಿದ ಮೇಲೆ ಕೊಂಡವರಿಗೆ ಒಗೆಯಲು ಸಮಯವೆಲ್ಲಿ, ಮಳೆಗಾಲವಾದರೆ ಬಿಸಿಲೆಲ್ಲಿ?

ಹಿರಿಯರ ಭಯದ ಬಗ್ಗೆ ನನಗೆ ಗೌರವವಿದೆ. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ಕಾಣಲಿಲ್ಲ. ಅಂಥ ಕಾಲದಲ್ಲಿ ಯಾವ ತಾಯಿ ತಾನೇ ಮುಂಚಿತವಾಗಿ ಅಂಗಿ ಹೊಲಿಸಿಯಾಳು? 2020ರ ಹೊತ್ತಿಗೆ ಆ ಸಂಖ್ಯೆ ದೇಶದಲ್ಲಿ 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿದಿದೆ. ಇಳಿದದ್ದು ಸಿದ್ಧತೆಯಿಂದ: ಲಸಿಕೆ, ಆಸ್ಪತ್ರೆ ಹೆರಿಗೆ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ. ಹೆರಿಗೆಗೆ ಮೊದಲೇ ಬಟ್ಟೆ, ದಾಖಲೆ, ಗಾಡಿ ಎಲ್ಲವನ್ನೂ ಗೊತ್ತುಮಾಡಿಕೊಳ್ಳಿ ಎಂದು ಆಕೆ ಹೇಳುವುದು ಇದೇ ಕಾರಣಕ್ಕೆ.

ಫಿನ್‌ಲ್ಯಾಂಡ್ ದೇಶ ಇದನ್ನು ಬಹಳ ಹಿಂದೆಯೇ ಅರಿಯಿತು. 1938ರಲ್ಲಿ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಸರ್ಕಾರವೇ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಾ ಬಂದಿದೆ. ಮಗುವಿನ ಬಟ್ಟೆ, ಹೊದಿಕೆ, ತಳದಲ್ಲಿ ಪುಟ್ಟ ಹಾಸಿಗೆ. ಖಾಲಿಯಾದ ಪೆಟ್ಟಿಗೆಯೇ ಮಗುವಿನ ಮೊದಲ ಮಂಚ. ಪೆಟ್ಟಿಗೆ ಬೇಕಾದರೆ ಬಸುರಿ ನಾಲ್ಕನೇ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಬರಲೇಬೇಕು. ಮಗುವಿನ ಬಟ್ಟೆಯ ಆಸೆಯೇ ತಾಯಂದಿರನ್ನು ವೈದ್ಯರ ಬಳಿಗೆ ಕರೆತಂದಿತು. ಮುಂಚಿತವಾಗಿ ತಂದಿಡುವುದರಲ್ಲಿ ಕೇಡಿದ್ದಿದ್ದರೆ ಆ ದೇಶಕ್ಕೆ ಯಾವತ್ತೋ ತಿಳಿಯುತ್ತಿತ್ತು.

ಇನ್ನು ಮನೆಗಳ ಸ್ಥಿತಿ. ಕಲಬುರಗಿಯಲ್ಲಿ ತವರು, ವೈಟ್‌ಫೀಲ್ಡಿನಲ್ಲಿ ಬಾಡಿಗೆ ಮನೆ. ಅಮ್ಮ ರೈಲು ಹತ್ತಿ ಬರುವಷ್ಟರಲ್ಲಿ ಮಗು ಬಂದಿರುತ್ತದೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗಂತೂ ಆಯ್ಕೆಯೇ ಇಲ್ಲ. ಕಾರಿನಲ್ಲಿ ಮಗುವಿನ ಸೀಟು ಕೂರಿಸದೆ ಮನೆಗೆ ಕರೆದೊಯ್ಯಲು ಅಲ್ಲಿನ ಕಾನೂನು ಬಿಡದು. ಇಲ್ಲೂ ಕಾರಿದ್ದವರು ಆ ಸೀಟನ್ನು ಮೊದಲೇ ಕೊಳ್ಳಬೇಕೆಂದು ನಾನು ಹೇಳುತ್ತೇನೆ. ಮಡಿಲಲ್ಲಿ ಹಿಡಿದ ಕೂಸನ್ನು ಒಂದು ಜೋರಾದ ಬ್ರೇಕು ಕಸಿದುಕೊಳ್ಳಬಹುದು.

ಆದ್ದರಿಂದ 34ನೇ ವಾರದ ಹೊತ್ತಿಗೆ ಒಂದು ಚೀಲ ಬಾಗಿಲ ಬಳಿ ಇರಲಿ. ಒಗೆದ ಹತ್ತಿ ಬಟ್ಟೆ, ಮುಂದೆ ಕಟ್ಟುವ ನಾಲ್ಕೈದು ಜಬಲಾ ಅಂಗಿ, ಟೋಪಿ, ಕಾಲುಚೀಲ, ಒಂದು ರಬ್ಬರ್ ಶೀಟು, ಲಂಗೋಟಿಗಳು, ಡಿಜಿಟಲ್ ಥರ್ಮಾಮೀಟರ್. ತಾಯಿಗೆ ಮುಂದೆ ಬಿಚ್ಚುವ ನೈಟಿ, ದೊಡ್ಡ ಪ್ಯಾಡು. ಮೇಲಿನ ಜೇಬಿನಲ್ಲಿ ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ. ಮನೆಗೆ ಬಂದ ದಿನದಿಂದ ಬೇಕಾಗುವ ಸೊಳ್ಳೆಪರದೆಯೂ ಸಿದ್ಧವಿರಲಿ. ಹುಟ್ಟಿದ ಮೊದಲ ಗಂಟೆ ಮಗು ತಾಯಿಯ ಎದೆಯ ಮೇಲಿರಬೇಕಾದ ಸಮಯ, ತಂದೆ ಅವಳ ಪಕ್ಕದಲ್ಲಿರಬೇಕಾದ ಸಮಯ. ಅದನ್ನು ಅಂಗಡಿ ಸುತ್ತುವುದರಲ್ಲಿ ಕಳೆಯಬಾರದು.

ವಿರೋಧ: ಕೂಸು ಬರಲಿ, ಆಮೇಲೆ ತರೋಣ

ನಮ್ಮ ಕಡೆ ಕೂಸಿಗೆ ಮೊದಲ ದಿನಗಳಲ್ಲಿ ಹೊಸ ಅರಿವೆ ಹಾಕುವುದೇ ಇಲ್ಲ. ಅಜ್ಜನ ಹಳೆಯ ಧೋತರ, ಅಜ್ಜಿಯ ಸವೆದ ನೂಲಿನ ಸೀರೆ ಹರಿದು ಲಂಗೋಟಿ, ಹೊದಿಕೆ ಎಲ್ಲ ಮಾಡುತ್ತೇವೆ. ವರ್ಷಗಟ್ಟಲೆ ಒಗೆಸಿಕೊಂಡ ಆ ಅರಿವೆಯಲ್ಲಿ ಗಂಜಿಯೂ ಇಲ್ಲ, ಬಿಡುವ ಬಣ್ಣವೂ ಇಲ್ಲ. ಹಾಸಲು ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಕೌದಿ. ನರ್ಸಮ್ಮ ಕೇಳುವ ಎರಡು ಒಣ ಬಟ್ಟೆ ನಮ್ಮ ಟ್ರಂಕಿನಲ್ಲಿ ಯಾವತ್ತೂ ಇದ್ದವು. ಅದಕ್ಕಾಗಿ ಅಂಗಡಿಗೆ ಹೋಗಬೇಕಾಗಿರಲಿಲ್ಲ. ನನ್ನ ತಕರಾರಿರುವುದು ಚೀಲದ ಹಿಂದೆಯೇ ಬರುವ ಆ ದೊಡ್ಡ ಪಟ್ಟಿಯ ಮೇಲೆ.

ಉಡುಗೊರೆಗೂ ಒಂದು ಹೊತ್ತು ಇತ್ತು. ಐದನೆಯ ದಿನ ಶೆಟವಿ ಪೂಜೆ, ಮುಂದೆ ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಆಗ ಸೋದರತ್ತೆ, ಚಿಗವ್ವ, ಓಣಿಯ ಹೆಣ್ಣುಮಕ್ಕಳು ಕೈಯಲ್ಲಿ ಕುಲಾವಿ, ಕುಂಚಿಗೆ ಹಿಡಿದು ಬರುತ್ತಾರೆ. ಇಳಕಲ್ಲಿನ ಅರಿವೆಯಲ್ಲಿ ಹೊಲಿದು ಕಸೂತಿ ಹಾಕಿದ ಕುಂಚಿಗೆ ಒಂದು ಮನೆಗೆ ಬಂದರೆ ಮೂರು ತಲೆಮಾರಿನ ಕೂಸುಗಳ ತಲೆ ಮುಚ್ಚುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿ. ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಕಥೆ, ರಾಮಾಯಣದ ಚಿತ್ರ ಬರೆದಿರುತ್ತಾರೆ. ಅದನ್ನು ಪ್ರತಿ ಕೂಸಿಗೂ ಹೊಸದಾಗಿ ಯಾರೂ ಕೊಳ್ಳುವುದಿಲ್ಲ. ಅದು ಅಕ್ಕನ ಮನೆಯಿಂದ ತಂಗಿಯ ಮನೆಗೆ ಹೋಗುತ್ತದೆ, ಒಮ್ಮೊಮ್ಮೆ ನೆರೆಮನೆಗೂ. ಕೂಸು ಬಂದ ಮೇಲೆ ಊರು ಕೊಡಬೇಕಾದ್ದನ್ನೆಲ್ಲ ತಾಯಿತಂದೆ ಮೊದಲೇ ಕೊಂಡು ಕಪಾಟು ತುಂಬಿಸಿದರೆ, ಬಂದವರು ಏನು ತಂದಾರು, ಯಾಕೆ ಬಂದಾರು?

ನರ್ಸಮ್ಮ ಫಿನ್‌ಲ್ಯಾಂಡಿನ ಪೆಟ್ಟಿಗೆಯ ಮಾತು ತೆಗೆದಿದ್ದಾರೆ. ನಮ್ಮ ಸರ್ಕಾರವೂ 2007ರಲ್ಲಿ ಮಡಿಲು ಯೋಜನೆ ತಂದಿತ್ತು. ಕಿಟ್ಟಿನಲ್ಲಿ 19 ಬಗೆಯ ಸಾಮಾನು: ಕೂಸಿಗೆ ಹಾಸಿಗೆ, ಹೊದಿಕೆ, ಸ್ವೆಟರ್, ಟೋಪಿ, ತಾಯಿಗೆ ಸೋಪು, ಎಣ್ಣೆ, ಹೊಟ್ಟೆಗೆ ಕಟ್ಟುವ ಬಟ್ಟೆ, ಇಬ್ಬರಿಗೂ ಸೊಳ್ಳೆಪರದೆ. ಅದನ್ನು ಕೈಗೆ ಕೊಡುತ್ತಿದ್ದದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆದ ಮೇಲೆ. ಬಡ ಹೆಣ್ಣುಮಗಳು ಆಸ್ಪತ್ರೆಗೆ ಬರಲಿ ಎನ್ನುವ ಉದ್ದೇಶ ಇಲ್ಲೂ ಇತ್ತು, ನಮ್ಮ ಜನರ ಮನಸ್ಸಿಗೂ ನೋವಾಗಲಿಲ್ಲ. ಕೂಸಿನ ಸಾಮಾನು ಕೂಸಿನ ಜೊತೆಗೇ ಮನೆಗೆ ಬಂತು.

ಈಗ ಪೇಟೆಯ ಪಟ್ಟಿಗೆ ಬರೋಣ. 'ಬೇಬಿ ಸೆಟ್' ಎಂದು ಹೊಳೆಯುವ ಡಬ್ಬಿಯಲ್ಲಿ ಮಾರುವುದರಲ್ಲಿ ಅರ್ಧಕ್ಕರ್ಧ ಬೇಡದ್ದು. ಪೌಡರಿನ ಧೂಳು ಕೂಸಿನ ಉಸಿರಿನೊಳಗೆ ಹೋಗುತ್ತದೆ. ಕಾಡಿಗೆಯಲ್ಲಿ ಸೀಸ ಇರಬಹುದೆಂದು ಮಕ್ಕಳ ಡಾಕ್ಟರು ಬೇಡವೆನ್ನುತ್ತಾರೆ, ನಾವು ಹಳಬರೂ ಈ ಮಾತನ್ನು ಕೇಳಿಕೊಳ್ಳಬೇಕು. ಮೆತ್ತನೆಯ ದಿಂಬು, ದಪ್ಪ ಮೆತ್ತೆ ಕೂಸಿನ ಮೂಗು ಮುಚ್ಚಬಹುದು. ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಕ್ಷೇಮ. ವಾಕರ್‌ನಿಂದ ಮಕ್ಕಳು ಮೆಟ್ಟಿಲುಗಳಿಂದ ಉರುಳುತ್ತವೆಂದು ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ಹೆರಿಗೆಗೆ ಮೊದಲೇ ಮನೆಗೆ ಬಂದು ಮೂಲೆ ಹಿಡಿದಿರುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹಾಲಿನ ಬಾಟಲಿ. ನಮ್ಮ ದೇಶದಲ್ಲಿ 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಹಾಲಿನ ಪುಡಿ ಮತ್ತು ಬಾಟಲಿಯ ಜಾಹೀರಾತನ್ನು ನಿಷೇಧಿಸುತ್ತದೆ. ಕಾರಣ ಸ್ಪಷ್ಟ. ಎದೆಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ಅಲ್ಲಿಯವರೆಗೆ ಬರುವ ಹಳದಿ ಗಿಣ್ಣುಹಾಲು ಕೆಲವೇ ಚಮಚ. ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಆದರೆ ಎರಡನೆಯ ರಾತ್ರಿ ಕೂಸು ಅತ್ತೇ ಅಳುತ್ತದೆ. ತಾಯಿಗೆ ಹೊಲಿಗೆಯ ನೋವು, ನಿದ್ದೆಯಿಲ್ಲ, 'ನನಗೆ ಹಾಲೇ ಇಲ್ಲ' ಎಂಬ ಅಂಜಿಕೆ. ಮನೆಯಲ್ಲಿ ಬಾಟಲಿ ಇಲ್ಲದಿದ್ದರೆ ಕೂಸನ್ನು ಮತ್ತೆ ಎದೆಗೆ ಹಚ್ಚುತ್ತಾಳೆ. ಚೀಪಿದಷ್ಟೂ ಹಾಲು ಬರುತ್ತದೆ. ಮೊದಲೇ ಕೊಂಡಿಟ್ಟ ಬಾಟಲಿ ಕೈಗೆಟುಕುವಂತಿದ್ದರೆ ಆ ರಾತ್ರಿ ಅದೇ ಗೆಲ್ಲುತ್ತದೆ. ಎದೆ ಚೀಪದ ಕೂಸಿಗೆ ಹಾಲು ಇಳಿಯದು, ಹಾಲಿಳಿಯದ ತಾಯಿ ಮತ್ತೆ ಡಬ್ಬಿ ತರಿಸುತ್ತಾಳೆ. ಡಾಕ್ಟರು ಬೇಕೆಂದು ಹೇಳಿದರೆ ಆಗ ತಂದರಾಯಿತು.

ಕೂಸು ನಿಲ್ಲದೆ ಬೆಳೆಯುತ್ತದೆ. ಐದು ತಿಂಗಳಿಗೆ ಹುಟ್ಟಿದಾಗಿನ ಎರಡರಷ್ಟು ತೂಕವಾಗಿರುತ್ತದೆ. ಆಸೆಪಟ್ಟು ಕೊಂಡ ಡಜನ್ ಸಣ್ಣ ಅಂಗಿಗಳು ಬೆಲೆಚೀಟಿ ಬಿಚ್ಚುವ ಮೊದಲೇ ಬಿಗಿಯಾಗಿರುತ್ತವೆ.

ಇನ್ನೊಂದು ಮಾತಿದೆ, ಹಿರಿಯರು ಬಾಯಿಬಿಟ್ಟು ಹೇಳದ ಮಾತು. 2019ರಲ್ಲಿ ನಮ್ಮ ದೇಶದಲ್ಲಿ ಉಸಿರಿಲ್ಲದೆ ಹುಟ್ಟಿದ ಕೂಸುಗಳು ಸುಮಾರು 3 ಲಕ್ಷ 40 ಸಾವಿರ ಎಂದು ವಿಶ್ವಸಂಸ್ಥೆ ಅಂದಾಜಿಸಿತು. ಆ ವರ್ಷ ಬೇರೆ ಯಾವ ದೇಶದಲ್ಲೂ ಅಷ್ಟಿರಲಿಲ್ಲ. ಬರಿಗೈಯಲ್ಲಿ ಮರಳಿದ ತಾಯಿ ಮನೆಯ ಬಾಗಿಲು ತೆರೆದಾಗ ಎದುರಿಗೆ ಸಿಂಗರಿಸಿದ ತೊಟ್ಟಿಲು, ಗೋಡೆಗೆ ಹಚ್ಚಿದ ಚಿತ್ರ, ಸಾಲಾಗಿ ಮಡಚಿಟ್ಟ ಅಂಗಿಗಳಿದ್ದರೆ ಆಕೆಯ ಗತಿಯೇನು? ಸಾವಿರಕ್ಕೆ ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ ಆಕೆಯ ದುಃಖಕ್ಕೆ ಏನೂ ಮಾಡದು. 'ಕೂಸು ಬರ್ಲಿ ತಡಿಯವ್ವಾ, ಆಮ್ಯಾಲ ತರೂಣು' ಎನ್ನುವ ಅಜ್ಜಿ ಆ ಬಾಗಿಲನ್ನು ಕಂಡವಳು. ಆಕೆಯನ್ನು ಮೂಢಳೆಂದು ಕರೆಯಬೇಡಿ.

ಪರದ ಮರುಮಾತು

ಟ್ರಂಕಿನ ಧೋತರಕ್ಕೆ ನನ್ನ ಒಪ್ಪಿಗೆ ಇದೆ. ಅದಕ್ಕಿಂತ ಒಳ್ಳೆಯ ಬಟ್ಟೆಯಿಲ್ಲ. ಆದರೆ ಇವತ್ತಿನ ಫ್ಲ್ಯಾಟಿನಲ್ಲಿ ಗಂಡ ಉಡುವುದು ಟ್ರ್ಯಾಕ್ ಪ್ಯಾಂಟು, ಕಪಾಟಿನ ಸೀರೆಗಳೆಲ್ಲ ಸಿಂಥೆಟಿಕ್. ಅವು ನೀರು ಹೀರುವುದಿಲ್ಲ. ಧೋತರ ಊರಿನಿಂದ ಬರಬೇಕಾದರೆ ಎಂಟನೇ ತಿಂಗಳಲ್ಲೇ ಬಂದಿರಲಿ. ಬಾಟಲಿ, ಪೌಡರ್, ದಿಂಬು, ವಾಕರ್ ಬಗ್ಗೆ ಅಜ್ಜಿ ಹೇಳಿದ ಒಂದೊಂದು ಮಾತನ್ನೂ ನಾನು ವಾರ್ಡಿನಲ್ಲಿ ಹೇಳುತ್ತಲೇ ಬಂದಿದ್ದೇನೆ.

ದುಃಖದ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. ಉಸಿರಿಲ್ಲದೆ ಹುಟ್ಟಿದ ಕೂಸನ್ನೂ ಒರೆಸಿ, ಬಟ್ಟೆ ಹೊದಿಸಿ, ತಾಯಿ ಬಯಸಿದರೆ ಆಕೆಯ ಕೈಗೆ ಕೊಡುತ್ತೇವೆ. ಆಗ ಆಸ್ಪತ್ರೆಯ ಹಸಿರು ಬಟ್ಟೆಗಿಂತ ಆಕೆಯೇ ತಂದ ಬಟ್ಟೆ ಇರುವುದು ಮೇಲು. ಮಗುವಿಗಾಗಿ ತಾನು ಮಾಡಿದ್ದು ಒಂದಾದರೂ ಮಗುವಿಗೆ ತಲುಪಿತು ಎಂದು ಆಕೆಗೆ ಅನ್ನಿಸುತ್ತದೆ. ಏನೂ ತಂದಿಡದಿದ್ದರೆ ನೋವು ಕಡಿಮೆಯಾಗುತ್ತದೆಂದು ನಾನು ಕಂಡಿಲ್ಲ.

ವಿರೋಧದ ಕೊನೆಯ ಮಾತು

ಈ ಮಾತು ನನ್ನ ಮನಸ್ಸಿಗೆ ತಾಗಿತು. ಚೀಲ ಇರಲಿ, ಊರಿನ ಧೋತರವೂ ಅದರಲ್ಲಿರಲಿ. ಕಪಾಟು ತುಂಬಿಸುವುದು ಬೇಡ ಎನ್ನುವ ಮಾತನ್ನು ನಾನು ಬಿಡುವುದಿಲ್ಲ.

ಬಾಣಂತಿಗೆ ಈ ಕಾಲದಲ್ಲಿ ಸಾಮಾನಿನ ಕೊರತೆಯಿಲ್ಲ, ಕೈಗಳ ಕೊರತೆಯಿದೆ. ಬಿಸಿ ಅನ್ನ ಮಾಡಿಕೊಡಲು, ಲಂಗೋಟಿ ಒಗೆಯಲು, ಕೂಸಿಗೆ ಎರೆಯಲು, ಆಕೆ ಎರಡು ತಾಸು ಮಲಗಲೆಂದು ಕೂಸನ್ನು ಎತ್ತಿಕೊಂಡು ಕೂಡಲು ಯಾರಿದ್ದಾರೆ? 2017ರ ತಿದ್ದುಪಡಿಯಿಂದ ನೌಕರಿಯ ಹೆಣ್ಣುಮಗಳಿಗೆ 26 ವಾರಗಳ ರಜೆ ಸಿಕ್ಕಿತು. ಕೇಂದ್ರ ಸರ್ಕಾರಿ ನೌಕರಿಯ ಗಂಡನಿಗೆ 15 ದಿನ ಉಂಟು, ಖಾಸಗಿ ಕಂಪನಿಯವನಿಗೆ ಅಂಥ ಕಾನೂನೇ ಇಲ್ಲ. ಅತ್ತೆಯೂ ಅವ್ವನೂ ದುಡಿಯುವ ಮನೆಗಳಿವೆ.

ಆದ್ದರಿಂದ ಏಳನೆಯ ತಿಂಗಳಲ್ಲಿರುವ ತಾಯಿತಂದೆಗಳಿಗೆ ನನ್ನ ವಿನಂತಿ ಇಷ್ಟು: ಸ್ಟ್ರೋಲರಿಗೂ ಆಟಿಕೆಗಳಿಗೂ ಎತ್ತಿಟ್ಟ ಹಣವನ್ನು ಬಾಣಂತನಕ್ಕೆ ಬರುವ ಹೆಣ್ಣುಮಗಳ ಮೂರು ತಿಂಗಳ ಸಂಬಳಕ್ಕೆ ತೆಗೆದಿಡಿ, ಆಕೆಯನ್ನು ಈಗಲೇ ಗೊತ್ತುಮಾಡಿಕೊಳ್ಳಿ.