ಶಸ್ತ್ರಚಿಕಿತ್ಸೆಗೆ ಮುಂಚಿನ ಪಥ್ಯ

ಅತಿಸ್ಥೌಲ್ಯದಿಂದ ಬಳಲುವವರ ಜಠರವನ್ನು ಕಿರಿದುಮಾಡುವ ಶಸ್ತ್ರಚಿಕಿತ್ಸೆಯು ಈಗ ಕೇವಲ ಸಿರಿವಂತರ ಮಾತಾಗಿ ಉಳಿದಿಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ರಾಜ್ಯದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು ೩೦ ಮಂದಿ ಮಿತಿಮೀರಿದ ತೂಕದವರು. ೨೦೦೧ರಲ್ಲಿ ಚಿನ್ನದ ಗಣಿಗಳು ಮುಚ್ಚಿದಂದಿನಿಂದ ಕೆ.ಜಿ.ಎಫ್., ಬಂಗಾರಪೇಟೆಗಳ ಬಹುಜನರು ಬೆಳಗಿನ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು, ಕತ್ತಲಾದ ಮೇಲೆ ಮನೆ ಸೇರುತ್ತಿದ್ದಾರೆ. ಕುಳಿತು ಮಾಡುವ ಕೆಲಸ, ಹೊತ್ತುಮೀರಿದ ಊಟ, ಇವೆರಡೂ ದೇಹಕ್ಕೆ ಹಿತವಲ್ಲವೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಕ್ಯಾಸಂಬಳ್ಳಿಯ ಗೃಹಸ್ಥರೊಬ್ಬರು ಈ ಚಿಕಿತ್ಸೆಗಾಗಿ ಪಟ್ಟಣದ ಆಸ್ಪತ್ರೆಗೆ ಹೋದರೆನ್ನೋಣ. ಶಸ್ತ್ರಕ್ರಿಯೆಯ ದಿನ ಗೊತ್ತಾದ ಕೂಡಲೆ ಅವರಿಗೆ ಒಂದು ಪಥ್ಯ ವಿಧಿಸಲ್ಪಡುತ್ತದೆ: ಎರಡು ವಾರ ಮುದ್ದೆಯಿಲ್ಲ, ಅನ್ನವಿಲ್ಲ; ಊಟದ ಹೊತ್ತಿಗೆ ಸಸಾರಜನಕವುಳ್ಳ ಪುಡಿಯೊಂದನ್ನು ಕದಡಿ ಕುಡಿಯತಕ್ಕದ್ದು; ದಿನವೊಂದಕ್ಕೆ ಎಲ್ಲವೂ ಸೇರಿ ಸುಮಾರು ೮೦೦ ಕ್ಯಾಲೊರಿ ಮೀರತಕ್ಕದ್ದಲ್ಲ. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಯೊಂದರಲ್ಲಿಯೇ ೩೨೦ ಕ್ಯಾಲೊರಿಗೆ ಕಡಮೆಯಿಲ್ಲ. ಎಂದರೆ ಸಾರನ್ನೂ ಲೆಕ್ಕಕ್ಕೆ ತಾರದೆ ಎರಡೂವರೆ ಮುದ್ದೆಯಷ್ಟರಲ್ಲಿ ಇಡೀ ದಿನವನ್ನು ಕಳೆಯಬೇಕು. ಇಷ್ಟು ಕಠಿಣವಾದ ವ್ರತವನ್ನು ಹಿಡಿಯಹೇಳುವಾಗ, ಅದೇತಕ್ಕೆಂಬುದನ್ನು ರೋಗಿಯ ಭಾಷೆಯಲ್ಲಿ ತಿಳಿಯಹೇಳುವುದು ವೈದ್ಯರ ಮೊದಲನೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಕಾರಣವರಿಯದ ಪಥ್ಯವು ಮೂರನೆಯ ದಿನಕ್ಕೆ ಮುರಿಯುತ್ತದೆ.

ಕಾರಣವು ಗಹನವಾದುದೇನೂ ಅಲ್ಲ. ಯಕೃತ್ತಿನ ಎಡಭಾಗವು ಜಠರದ ಮೇಲೆ ಚಾಚಿಕೊಂಡಿರುತ್ತದೆ. ಸ್ಥೂಲಕಾಯರಲ್ಲಿ ಅದು ಕೊಬ್ಬು ತುಂಬಿ, ಉಬ್ಬಿ, ಭಾರವಾಗಿರುವುದುಂಟು. ಈ ಶಸ್ತ್ರಕ್ರಿಯೆಯನ್ನು ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಅವುಗಳ ಮೂಲಕ ಸಲಕರಣೆಗಳನ್ನಿಳಿಸಿ ನಡೆಸುವುದರಿಂದ, ಯಕೃತ್ತನ್ನು ಎತ್ತಿ ಹಿಡಿದಲ್ಲದೆ ಜಠರವು ಕಾಣಿಸದು. ಉಬ್ಬಿದ ಯಕೃತ್ತು ಸುಲಭವಾಗಿ ಮೇಲೇಳುವುದಿಲ್ಲ. ಎತ್ತುವಾಗ ಹರಿದು ರಕ್ತ ಸೋರುವ ಭಯವೂ ಉಂಟು. ಪಿಷ್ಟಪದಾರ್ಥಗಳನ್ನು ತ್ಯಜಿಸಿ ಅಲ್ಪಾಹಾರದಲ್ಲಿದ್ದರೆ, ಯಕೃತ್ತಿನಲ್ಲಿ ದಾಸ್ತಾನಾಗಿರುವ ಗ್ಲೈಕೋಜನ್ ಮೊದಲು ಕರಗುತ್ತದೆ, ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರೂ ಹೊರಡುತ್ತದೆ, ಕೊಬ್ಬೂ ಇಳಿಯುತ್ತದೆ. ಎರಡು ವಾರಗಳಲ್ಲಿ ಯಕೃತ್ತಿನ ಗಾತ್ರವು ನೂರಕ್ಕೆ ಹತ್ತು ಪಾಲು, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚಾಗಿ, ಕುಗ್ಗುವುದು. ಆದುದರಿಂದ ಈ ಪಥ್ಯವು ರೋಗಿಯ ಸಂಯಮದ ಪರೀಕ್ಷೆಯಲ್ಲ, ಶಸ್ತ್ರವೈದ್ಯನ ಕೈಗೆ ಎಡೆಮಾಡಿಕೊಡುವ ಉಪಾಯ.

ಇದು ಪಶ್ಚಿಮದವರ ಹೊಸ ಹುಚ್ಚೆಂದು ಮೂಗುಮುರಿಯುವವರು ಸುಶ್ರುತಸಂಹಿತೆಯನ್ನು ನೋಡಬೇಕು. ಉದರ, ಅರ್ಶಸ್ಸು, ಅಶ್ಮರಿ, ಭಗಂದರ ಮೊದಲಾದ ರೋಗಗಳಲ್ಲಿ ಉಣ್ಣದಿರುವವನಿಗೇ ಶಸ್ತ್ರಕರ್ಮ ಮಾಡಬೇಕೆಂದು ಅಲ್ಲಿ ವಿಧಿಸಿದೆ. ಶಸ್ತ್ರಕ್ಕೂ ಆಹಾರಕ್ಕೂ ಇರುವ ಸಂಬಂಧ ನಮ್ಮ ಹಿಂದಿನವರಿಗೆ ಹೊಸದಾಗಿರಲಿಲ್ಲ. ಆದರೆ ಹಿಂದಿನವರ ಹೆಸರು ಹೇಳಿದ ಮಾತ್ರಕ್ಕೆ ಇಂದಿನ ವಿಧಾನ ಸಿದ್ಧವಾಗದು, ಪರೀಕ್ಷೆಯೇ ಪ್ರಮಾಣ. ೨೦೧೧ರಲ್ಲಿ ಪ್ರಕಟವಾದ, ೨೯೮ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ೧೪ ದಿನ ಈ ಪಥ್ಯದಲ್ಲಿದ್ದವರ ಶಸ್ತ್ರಕ್ರಿಯೆ ಸುಲಭವಾಯಿತೆಂದು ವೈದ್ಯರು ಕಂಡರು. ಮುಂದಿನ ೩೦ ದಿನಗಳಲ್ಲಿ ತೊಡಕುಗಳೂ ಅವರಲ್ಲಿ ಕಡಮೆಯಾದುವು. ಶಸ್ತ್ರಕ್ರಿಯೆಗೆ ಹಿಡಿದ ಕಾಲದಲ್ಲಿ ಮಾತ್ರ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಲಾಭವು ನಿಜ, ಆದರೆ ಮಿತವಾದುದು. ಇಷ್ಟು ತೂಕ ಇಳಿಸಿಕೊಂಡು ಬಂದಲ್ಲದೆ ಚಿಕಿತ್ಸೆಯಿಲ್ಲವೆಂದು ತಿಂಗಳುಗಟ್ಟಲೆ ರೋಗಿಯನ್ನು ಅಲೆದಾಡಿಸುವುದಕ್ಕೆ ಇದನ್ನು ಆಧಾರಮಾಡಿಕೊಳ್ಳುವುದು ನ್ಯಾಯವಲ್ಲ.

ಇನ್ನು ನಮ್ಮ ಸೀಮೆಯಲ್ಲಿ ಈ ಪಥ್ಯ ಕೆಡಬಹುದಾದ ರೀತಿಯನ್ನು ಹೇಳಬೇಕು. ಗಟ್ಟಿ ಆಹಾರವನ್ನು ಬಿಡಬೇಕೆಂದೊಡನೆ ನಮ್ಮವರಿಗೆ ನೆನಪಾಗುವುದು ರಾಗಿ ಅಂಬಲಿ, ಅನ್ನದ ಗಂಜಿ, ಎಳನೀರು, ಹಣ್ಣಿನ ರಸ. ಇವು ತೆಳ್ಳಗಿದ್ದರೂ ಪಿಷ್ಟವೂ ಸಕ್ಕರೆಯೂ ಆದುದರಿಂದ, ಯಕೃತ್ತಿನ ದಾಸ್ತಾನನ್ನು ಇವು ಮತ್ತೆ ತುಂಬುತ್ತವೆ. ಸಾಕಷ್ಟು ಸಸಾರಜನಕವಿಲ್ಲದ್ದರಿಂದ ಮಾಂಸಖಂಡ ಕರಗುತ್ತದೆ. ಪುಡಿಯ ಡಬ್ಬಿಗೆ ಹಣವಿಲ್ಲದವನು ಅಂಬಲಿಯಲ್ಲಿ ಎರಡು ವಾರ ಕಳೆದರೆ ಅವನಿಗೆ ಹಸಿವು ಉಂಟು, ಫಲವಿಲ್ಲ. ಹಾಗೆಂದು ಡಬ್ಬಿಯೊಂದೇ ಗತಿಯೆಂದೂ ತಿಳಿಯಬೇಕಾಗಿಲ್ಲ. ಕೆನೆ ತೆಗೆದ ಹಾಲು, ಮಜ್ಜಿಗೆ, ಮೊಟ್ಟೆಯ ಬಿಳಿ, ಸೊಪ್ಪು ಇವುಗಳಿಂದಲೇ ಅಳತೆಯಿಟ್ಟು ಇಂತಹ ಪಥ್ಯವನ್ನು ಏರ್ಪಡಿಸಬಹುದು. ಹಾಲಿಗೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ ಅದಕ್ಕೆ ಕೊರತೆಯೇನು? ಅಳತೆಯನ್ನೂ, ಬೇಕಾದ ಜೀವಸತ್ವಗಳನ್ನೂ ಗೊತ್ತುಮಾಡತಕ್ಕವರು ಮಾತ್ರ ಪಥ್ಯತಜ್ಞರೇ ಹೊರತು ನೆರೆಮನೆಯವರಲ್ಲ.

ಏಕೆಂದರೆ ಇದರಲ್ಲಿ ಪ್ರಾಣಭಯವೂ ಉಂಟು. ೧೯೭೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತೂಕ ಇಳಿಸಲೆಂದು ದ್ರವರೂಪದ ಕೀಳು ಸಸಾರಜನಕವೊಂದನ್ನೇ ತಿಂಗಳುಗಟ್ಟಲೆ ಸೇವಿಸಿದವರಲ್ಲಿ ೫೦ಕ್ಕೂ ಹೆಚ್ಚು ಜನ ಸತ್ತರು. ಇಂದಿನ ಪುಡಿಗಳು ಅದಕ್ಕಿಂತ ಉತ್ತಮವಾದುವು, ಅವಧಿಯೂ ಕಿರಿದು. ಆದರೂ ಅಂಗಡಿಯಲ್ಲಿ ಸಿಕ್ಕಿದ ಯಾವ ಡಬ್ಬಿಯಾದರೂ ಸರಿಯೆಂಬ ಭಾವನೆ ಅಪಾಯಕರ. ಮಧುಮೇಹಿಗಳಂತೂ ವಿಶೇಷ ಎಚ್ಚರದಿಂದಿರಬೇಕು. ಎಂದಿನ ಪ್ರಮಾಣದಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಅಲ್ಪಾಹಾರದಲ್ಲಿದ್ದರೆ, ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪೀತು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಈಚಿನ ಮಾತ್ರೆಗಳನ್ನು ಇಂತಹ ಪಥ್ಯದಲ್ಲಿ ಮುಂದುವರಿಸಿದರೆ ರಕ್ತದಲ್ಲಿ ಆಮ್ಲವೇರುವ ಸಂಭವವುಂಟು. ರಕ್ತದೊತ್ತಡದ ಔಷಧಗಳನ್ನೂ ವೈದ್ಯರು ಪುನಃ ಪರಿಶೀಲಿಸಬೇಕಾಗುತ್ತದೆ.

ಶಸ್ತ್ರಕ್ರಿಯೆ ಪಟ್ಟಣದಲ್ಲಿ ನಡೆದರೂ ಪಥ್ಯ ನಡೆಯುವುದು ಹಳ್ಳಿಯ ಮನೆಯ ಅಡಿಗೆಯೊಲೆಯ ಮುಂದೆ. ಆದುದರಿಂದ ನಾಲ್ಕು ವಿಷಯಗಳ ಕಡೆಗೆ ಆಸ್ಪತ್ರೆಗಳ ಆಡಳಿತದವರ ಮತ್ತು ಆರೋಗ್ಯ ಇಲಾಖೆಯವರ ಗಮನವನ್ನು ನಾವು ಸೆಳೆಯಬಯಸುತ್ತೇವೆ. ಪಥ್ಯದ ಕ್ರಮವನ್ನೂ ಕಾರಣವನ್ನೂ ಕನ್ನಡದಲ್ಲಿ, ನಮ್ಮ ಈ ಗಡಿಯ ಸೀಮೆಯಲ್ಲಿ ತೆಲುಗು ತಮಿಳುಗಳಲ್ಲಿಯೂ, ಅಚ್ಚುಮಾಡಿಸಿ ಕೊಡಬೇಕು. ಅಡಿಗೆ ಮಾಡುವವರನ್ನೂ ಕರೆದು ಕೂರಿಸಿ ವಿವರಿಸಬೇಕು. ಪುಡಿಯನ್ನು ಕೊಳ್ಳಲಾರದವರಿಗೆ ಊರಿನ ಪದಾರ್ಥಗಳ ಪಥ್ಯವನ್ನು ಬರೆದುಕೊಡಬೇಕು. ಆ ಎರಡು ವಾರಗಳಲ್ಲಿ ರೋಗಿಯ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ನೋಡುವ ಏರ್ಪಾಡಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡವಾಗಲಿ ಹೊಸ ಕಾನೂನಾಗಲಿ ಬೇಕಿಲ್ಲ.

ರೋಗಿಗಳಿಗೂ ಒಂದು ಮಾತು. ಪಥ್ಯ ತಪ್ಪಿದರೆ ನಾಚಿಕೆಯಿಂದ ಮುಚ್ಚಿಡಬೇಡಿರಿ. ಮದುವೆಮನೆಯಲ್ಲಿ ಬಲವಂತಕ್ಕೆ ಉಂಡ ಊಟವನ್ನು ವೈದ್ಯರಿಗೆ ಹೇಳಿದರೆ ಹೆಚ್ಚೆಂದರೆ ಶಸ್ತ್ರಕ್ರಿಯೆಯ ದಿನ ಮುಂದೆ ಹೋದೀತು. ಹೇಳದಿದ್ದರೆ ಅದರ ಫಲ ಕಾಣುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ. ಸ್ಥೂಲದೇಹವನ್ನು ಕಂಡು ನಗುವ ಬಂಧುಮಿತ್ರರೂ ಈ ಎರಡು ವಾರ ತಮ್ಮ ನಗೆಯನ್ನೂ ಉಪಚಾರವನ್ನೂ ಹಿಡಿದಿಟ್ಟುಕೊಂಡರೆ, ಅದೇ ಅವರು ರೋಗಿಗೆ ಮಾಡುವ ದೊಡ್ಡ ಸಹಾಯ.