ಬೂದು ಹಗಲಿನ ಸಂಗಾತಿ

ಅಮೆರಿಕದ ಸಿಯಾಟಲ್ ನಗರದಲ್ಲಿ, ಮಗನ ಮನೆಯಲ್ಲಿ, ಒಂದು ಚಳಿಗಾಲವನ್ನು ಕಳೆದು ಬಂದವನು ನಾನು. ಮಲೆನಾಡಿನಲ್ಲಿ ಹುಟ್ಟಿದವನಿಗೆ ಮಳೆಯ ಪಾಠವನ್ನು ಯಾರೂ ಹೇಳಬೇಕಾಗಿಲ್ಲವೆಂಬ ಗರ್ವದಿಂದಲೇ ಹೊರಟಿದ್ದೆ. ಲೆಕ್ಕವೂ ನನ್ನ ಪಕ್ಷದಲ್ಲಿತ್ತು. ಆ ಊರಿನ ವರ್ಷದ ಮಳೆ ಸುಮಾರು 1,000 ಮಿಲಿಮೀಟರು; ಬೆಂಗಳೂರಿನದೂ ಹೆಚ್ಚುಕಡಿಮೆ ಅಷ್ಟೇ. ಆಗುಂಬೆಯಲ್ಲಿ ಬೀಳುವುದು ಅದರ ಏಳು ಪಟ್ಟು. ಅಂಥ ಜಿನುಗಿಗೆ ಹೆದರುವುದುಂಟೆ!

ಡಿಸೆಂಬರಿನ ನಡುವಿಗೆ ಗರ್ವ ಇಳಿಯಿತು. ನಮ್ಮ ಮಳೆಗೆ ಗುಡುಗುಂಟು, ರಭಸವುಂಟು. ನಡುನಡುವೆ ಹೊಳವಾಗುವುದೂ ಉಂಟು. ಅಲ್ಲಿಯದು ಮಾತನಾಡದ ಮಳೆ. ಸೂರ್ಯನು ನಡುಹಗಲಿನಲ್ಲೂ ದಿಗಂತದಿಂದ 19 ಡಿಗ್ರಿಯಷ್ಟೇ ಮೇಲೇರಿ, ಅದೂ ಮೋಡದ ಮರೆಯಲ್ಲಿ, ನಾಲ್ಕೂವರೆಗೆ ಮೊದಲೇ ಮುಳುಗಿಬಿಡುತ್ತಾನೆ. ನಾನು ತಡವಾಗಿ ಏಳತೊಡಗಿದೆ. ಓದಲೆಂದು ಒಯ್ದಿದ್ದ ಪುಸ್ತಕ ಮಡಿಲಲ್ಲೇ ಉಳಿಯಿತು. ಊರಿನಿಂದ ಬಂದ ಕರೆಗಳಿಗೆ ಓಗೊಡುವುದೂ ಬೇಡವಾಯಿತು. ವೃದ್ಧಾಪ್ಯವೆಂದು ಮಗ ಭಾವಿಸಿದ. ನಾನೂ ಹಾಗೆಯೇ ಭಾವಿಸಿದೆ.

ಇಂಥ ಋತುಬದ್ಧ ಖಿನ್ನತೆಯನ್ನು 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಹೆಸರಿಟ್ಟು ವಿವರಿಸಿದರು. ಬೆಳಕಿನ ಅಭಾವದಿಂದ ದೇಹದ ಒಳಗಡಿಯಾರ ತಪ್ಪುವುದು ಅದರ ಕಾರಣಗಳಲ್ಲೊಂದೆಂದು ತಿಳಿಯಲಾಗಿದೆ. ಮುಂಜಾನೆ ಅರ್ಧ ಗಂಟೆ 10,000 ಲಕ್ಸಿನ ದೀಪದೆದುರು ಕೂರಿಸುವ ಚಿಕಿತ್ಸೆಯೂ ಇದೆ. ನನ್ನನ್ನು ಎಬ್ಬಿಸಿದ್ದು ದೀಪವಲ್ಲ, ಮನೆಯ ನಾಯಿ. ಮಗ ಸೊಸೆಯರು ಕೆಲಸಕ್ಕೆ ಹೊರಟೊಡನೆ ಅದು ತನ್ನ ಹಗ್ಗವನ್ನು ಕಚ್ಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಿತ್ತು. ಮಳೆಯ ನೆಪವನ್ನು ಮನುಷ್ಯರಿಗೆ ಹೇಳಬಹುದು, ಅದಕ್ಕೆ ಹೇಳುವುದೆಂತು?

ಶಪಿಸುತ್ತಲೇ ಹೊರಟೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಗ್ಗ; ಅಳಿಲು ಕಂಡ ಕ್ಷಣದಲ್ಲಿ ಎರಡೂ ಕೈಬಿಟ್ಟವು. ಮಾರನೆಯ ದಿನದಿಂದ ಟೊಪ್ಪಿಗೆಯುಳ್ಳ ಮಳೆಯಂಗಿ, ಜಾರದ ಅಟ್ಟೆಯ ಬೂಟು. ಹಿಂದಿರುಗಿದ ಮೇಲೆ ಅದರ ಹೊಟ್ಟೆಯನ್ನೂ ಬೆರಳ ಸಂದುಗಳನ್ನೂ ಒರೆಸಬೇಕು. ನಾನು ಟವಲು ತರುವುದರೊಳಗೆ ಅದು ಮೈ ಕೊಡವಿ ನೀರಿನ ಬಹುಪಾಲನ್ನು ಗೋಡೆಗೆ ಒಪ್ಪಿಸಿರುತ್ತಿತ್ತು. ಒದ್ದೆ ನಾಯಿಯ ವಾಸನೆಯನ್ನು ವರ್ಣಿಸಲಾರೆ. ಆದರೆ ಎರಡು ವಾರಗಳಲ್ಲಿ ಪುಸ್ತಕದ ಪುಟ ಸರಿಯತೊಡಗಿತು. ಮೋಡ ಕವಿದ ಹಗಲಿನಲ್ಲೂ ಬಯಲಿಗೆ ಕೋಣೆಯ ದೀಪಕ್ಕಿಂತ ಅನೇಕ ಪಟ್ಟು ಬೆಳಕುಂಟೆಂಬುದನ್ನು ಆಮೇಲೆ ತಿಳಿದೆ. ಬೂದು ಎಂದು ನಾನು ಬೈದುದರಲ್ಲಿ ಪಾರಿವಾಳದ ಬಣ್ಣ ಬೇರೆ, ಒಲೆಯ ಬೂದಿಯದು ಬೇರೆ. ಮರಗಳ ಪಾಚಿಯಂತೂ ಮಳೆಯಲ್ಲಿಯೇ ಹೆಚ್ಚು ಹಸುರು.

ನಾಯಿ ವೈದ್ಯನಲ್ಲ, ಖಿನ್ನತೆ ಆಳವಾದರೆ ವೈದ್ಯನ ಬಳಿಗೇ ಹೋಗತಕ್ಕದ್ದು. ನನ್ನ ಆಕ್ಷೇಪಣೆ ಬೇರೆ. ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರನ್ನು, ನೆನೆದಾರೆಂಬ ಪ್ರೀತಿಯಿಂದಲೇ, ಕಿಟಕಿಯ ಬಳಿ ಕೂರಿಸಿಬಿಡುತ್ತಾರೆ. ಅವರಿಗೆ ಸ್ವೆಟರು ಕೊಡುವವರು ಅನೇಕರು. ಹೊರಗೆ ಹೋಗಿ ಬನ್ನಿರೆನ್ನುವವರು ವಿರಳ.

ಕಳೆದ ತಿಂಗಳು ಅದೇ ಊರಿಗೆ ಹೊರಟ ನನ್ನ ಮಿತ್ರರೊಬ್ಬರಿಗೆ ಆ ಮಳೆಯಂಗಿಯನ್ನು ಕೊಟ್ಟೆ. ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಅದಕ್ಕೆ ಜಾಗವಾಯಿತು. ತೋಳಿಗಂಟಿದ್ದ ಕಂದು ಕೂದಲುಗಳನ್ನು ಕಂಡು, "ಇದನ್ನೇಕೆ ಒಗೆಸಲಿಲ್ಲ?" ಎಂದು ಕೇಳಿದರು.